ಏಳನೆಯ ಅಂಗಿ

ಒಬ್ಬೊಬ್ಬನ ಸಾವಿಗೂ ಏಳೇಳು ಅಂಗಿ.
ಲೆಕ್ಕ ನನಗೆ ಗೊತ್ತು. ತಾಬೆರ್ನಾಸಿನ ಬೋಳುಗುಡ್ಡದ ಕೆಳಗೆ
ತಗಡಿನ ಚಪ್ಪರದಲ್ಲಿ ಕೂತು ಹೊಲಿದವಳು ನಾನು:
ಎದೆಯ ಒಳಮೈಗೊಂದು ಪುಟ್ಟ ಚೀಲ,
ಅದರೊಳಗೆ ಕೆಂಪು ಬಣ್ಣ, ಪಾಕದಷ್ಟು ಗಟ್ಟಿ,
ನೊಣ ಮುತ್ತುವಷ್ಟು ಸಿಹಿ.

ಇವತ್ತು ಆ ಸಿನಿಮಾ ಊರಿಗೆ ಬಂದಿದೆ.
ಬಯಲು ಟಾಕೀಸು. ಸುಣ್ಣ ಬಳಿದ ಗೋಡೆಯೇ ಪರದೆ.
ಮನೆಮನೆಯಿಂದ ಹೊತ್ತು ತಂದ ಕುರ್ಚಿ,
ಮಡಿಲ ತುಂಬ ಸೂರ್ಯಕಾಂತಿ ಬೀಜ,
ಮುಂದಿನ ಸಾಲಲ್ಲಿ ಪೊಲೀಸರಿಬ್ಬರು,
ಮೂರು ಮೂಲೆಯ ಟೋಪಿ ತೊಡೆಯ ಮೇಲೆ.

ಮೊದಲ ಗುಂಡಿಗೇ ಊರು ಎದ್ದು ಕೂಗಿತು:
"ಹೋದ! ನಮ್ಮ ಹಿನೇಸ್ ಹೋದ!"
ಛಾವಣಿಯಿಂದ ಉರುಳಿ ನೀರಿನ ತೊಟ್ಟಿಗೆ.
ಹತ್ತು ನಿಮಿಷದಲ್ಲಿ ಮೀಸೆ ಅಂಟಿಸಿಕೊಂಡು ಮರಳಿದ,
ಈಗ ಡಕಾಯಿತರ ಕಡೆಯವನು;
ಬ್ಯಾಂಕಿನ ಮೆಟ್ಟಿಲ ಮೇಲೆ ಸತ್ತ.
ಮೂರನೆಯ ಸಲ ಮುಖವೇ ಕಾಣಲಿಲ್ಲ,
ಕುದುರೆಯಿಂದ ಜಾರಿದ ಬೆನ್ನು ನೋಡಿ ಹೆಂಡತಿ ವಿಸಿತಾಸಿಯೋನ್
"ಕರೆದಾಗಲೆಲ್ಲ ನಾನು ನೋಡುವುದು ಇದನ್ನೇ" ಅಂದಳು.
ನಗು. ಹಿನೇಸನೂ ನಕ್ಕ, ನನ್ನ ಪಕ್ಕದ ಕುರ್ಚಿಯಲ್ಲಿ.
ಪರದೆಯಲ್ಲಿ ಅವನು ಬಾಯಿ ತೆರೆದರೆ
ಮ್ಯಾಡ್ರಿಡಿನ ಯಾರದೋ ದನಿ.
ಸಾಯುವ ಚೀರೂ ಎರವಲು.

ನಾನು ಮುಖ ನೋಡುವವಳಲ್ಲ. ಅಂಗಿ ನೋಡುತ್ತೇನೆ.
ಅಗೋ, ಆ ತೋಳು ನಾನು ಗಿಡ್ಡ ಮಾಡಿದ್ದು.
ಆ ಕಾಲರು ದೀಪ ಕೆಟ್ಟ ಸಂಜೆ ಹೊಲಿದದ್ದು;
ಕುರ್ಚಿಯಷ್ಟು ದೊಡ್ಡದಾಗಿ ಈಗ
ಲೋಕವೆಲ್ಲ ನೋಡಲಿದೆ ನನ್ನ ಸೊಟ್ಟ ಹೊಲಿಗೆ.

ಆಮೇಲೆ ಗೋಡೆ ಬಂತು.
ಗೋಡೆಯ ಮೇಲೊಂದು ಗೋಡೆ.
ಹನ್ನೊಂದು ಜನರನ್ನು ಸಾಲಾಗಿ ನಿಲ್ಲಿಸಿದರು.
ಎಡದಿಂದ ಮೂರನೆಯವನು ಹಿನೇಸ್. ಯಾರೂ ಕೂಗಲಿಲ್ಲ.
ಬೀಜ ಒಡೆಯುವ ಸದ್ದು ನಿಂತಿತು,
ಮೊದಲು ಹಿಂದಿನ ಸಾಲಲ್ಲಿ, ಮುದುಕರು ಕೂರುವಲ್ಲಿ.
ಬಿದ್ದರು. ನಿಧಾನವಾಗಿ,
ಕೊಳದೊಳಗೆ ಮುಳುಗುವವರ ಹಾಗೆ,
ಕೂದಲು ಮೊದಲು ಹಾರಿ, ಆಮೇಲೆ ತಲೆ,
ಎದೆಯಿಂದ ಬಣ್ಣ ಎಳೆ ಎಳೆಯಾಗಿ ಬಿಚ್ಚಿಕೊಂಡು.
ಚಂದವಾಗಿತ್ತು. ಸುಳ್ಳು ಯಾಕೆ ಹೇಳಲಿ, ಚಂದವಾಗಿತ್ತು.

ಚಿತ್ರೀಕರಣದ ದಿನ ಹಿನೇಸ್ ಕೈಯೆತ್ತಿ ಹೇಳಿದ್ದ:
"ಸ್ವಾಮಿ, ಮನುಷ್ಯ ಹಾಗೆ ಬೀಳುವುದಿಲ್ಲ.
ಮೂಟೆ ಜಾರಿದ ಹಾಗೆ, ಅಷ್ಟೆ."
ದುಭಾಷಿ ಮಾತನ್ನು ಆ ದಡಕ್ಕೆ ದಾಟಿಸಿದ.
ನಿರ್ದೇಶಕ ಕಪ್ಪು ಕನ್ನಡಕ ಹಣೆಗೇರಿಸಿ ಕೇಳಿದ:
ನಿನಗೆ ಹೇಗೆ ಗೊತ್ತು?
ಹಿನೇಸ್ ತನ್ನ ಚಪ್ಪಲಿ ನೋಡಿಕೊಂಡ.
ನಾನು ಸೂಜಿಗೆ ದಾರ ಪೋಣಿಸುತ್ತಿದ್ದೆ, ಪೋಣಿಸುತ್ತಲೇ ಇದ್ದೆ.
ಯಾವ ಕಡೆ ನಿಂತು ನೋಡಿದ್ದನೋ,
ಬಂದೂಕಿನ ಮುಂದೋ ಹಿಂದೋ,
ನೆರೆಮನೆಯವಳಾಗಿ ಮೂವತ್ತು ವರ್ಷ ನಾನೂ ಕೇಳಿಲ್ಲ.
ಅವನಿಗೆ ಎರಡನೆಯ ಅಂಗಿ ತೊಡಿಸಿದರು.

ಮೂವತ್ತೊಂಬತ್ತರಲ್ಲಿ ಅಮ್ಮನ ಕೈಗೆ ಕೊಟ್ಟದ್ದು ಒಂದೇ ಅಂಗಿ.
ಅವಳ ತಮ್ಮನದು.
ಯಾವ ಗೋಡೆ ಎಂದು ಕೇಳಬಾರದಿತ್ತು, ಕೇಳಲಿಲ್ಲ.
ಬೂದಿ ಹಾಕಿ ತಿಕ್ಕಿದಳು, ನಿಂಬೆ ಹಿಂಡಿದಳು, ಬಿಸಿಲಿಗೆ ಹರವಿದಳು.
ಇಡೀ ಊರಿಗೆ ಹೊಲಿದು ಕೊಡುವವಳು
ಆ ಮೂರು ತೂತಿಗೆ ತೇಪೆ ಹಾಕಲಿಲ್ಲ.
ಆ ಬಣ್ಣ ಸಿಹಿಯಿರಲಿಲ್ಲ.
ಆದರೂ ನೊಣ ಬಂದವು.

ಮುಂದಿನ ಸಾಲಿನ ಎಳೆಯ ಪೊಲೀಸ ತಿರುಗಿ ನೋಡಿದ:
"ಏನು ಅಜ್ಜಂದಿರೇ, ಹೆದರಿದಿರಾ?"
ಯಾರೋ ಕೆಮ್ಮಿದರು.
ಆಮೇಲೆ ರೈಲು ಬಂತು, ಚಿನ್ನ ಸಿಕ್ಕಿತು,
ನಾಯಕ ಯಾವ ಊರನ್ನೋ ಬಿಟ್ಟು ಹೊರಟ.
ನಾನು ಸರಿಯಾಗಿ ನೋಡಲಿಲ್ಲ.

ದೀಪ ಹತ್ತಿತು. ಗೋಡೆ ಮತ್ತೆ ಬರೀ ಗೋಡೆ,
ಮೇಲೊಂದು ಹಲ್ಲಿ.
ಕುರ್ಚಿ ತಲೆಮೇಲೆ ಹೊತ್ತು ಜನ ಹೊರಟರು.
ಬೀದಿಯಲ್ಲಿ ಆಗಲೇ ಹುಡುಗರು ಸಾಯುತ್ತಿದ್ದರು,
"ನಿಧಾನ, ಇನ್ನೂ ನಿಧಾನ" ಎಂದು
ಒಬ್ಬರಿಗೊಬ್ಬರು ಬೀಳುವುದನ್ನು ಕಲಿಸುತ್ತ.

ಹಿನೇಸ್ ನನ್ನ ಕುರ್ಚಿಯನ್ನೂ ಎತ್ತಿಕೊಂಡ.
ತೊಟ್ಟದ್ದು ಏಳನೆಯ ಅಂಗಿ.
ಆರನೆಯದಕ್ಕೇ ಅವನ ಸಾವು ಸರಿಹೋಗಿದ್ದರಿಂದ
ಕೂಲಿಯ ಜೊತೆ ಅದನ್ನೂ ಕೊಟ್ಟುಬಿಟ್ಟಿದ್ದರು.
ಬಾವಿಯ ಹತ್ತಿರ ಕುರ್ಚಿ ಇಳಿಸಿ
ಗುಂಡಿ ಬಿಚ್ಚಿ, ಎದೆಯೊಳಗೆ ಕೈ ಹಾಕಿ,
ನಾನು ಹೊಲಿದ ಆ ಪುಟ್ಟ ಚೀಲದಿಂದ
ಒಂದು ಚಿಟಿಕೆ ತಂಬಾಕು ತೆಗೆದ.